ಅಂಜಿಕೆ ಇದ್ದುಕೊಂಡೇ ಸ್ವಂತ ಕಥೆ ಹೇಳುವುದು ಹೇಗೆ: ಉತ್ತರ ಕನ್ನಡದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸ್ವಂತ ಬದುಕಿನ ಕಥೆ ಹೇಳಿಕೊಳ್ಳಲು ಧೈರ್ಯ ಬೇಕು ಎನ್ನುತ್ತಾರೆ. ಆ ಧೈರ್ಯವನ್ನು ಎಲ್ಲಿಂದ ತರುವುದು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಈ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಬೆಂಗಳೂರಿನ ಸಭಾಂಗಣದಲ್ಲಿ ನೂರು ಮಂದಿ ಅಪರಿಚಿತರ ಮುಂದೆ ಮಾತಾಡಿ ಮೆಟ್ರೋ ಹತ್ತಿದರೆ ಅಲ್ಲಿಗೆ ಮುಗಿಯಿತು. ಕಾರವಾರದ ಮೀನು ಮಾರ್ಕೆಟ್ಟಿನಲ್ಲಾಗಲಿ ಶಿರಸಿಯ ಬಸ್ ಸ್ಟ್ಯಾಂಡಿನಲ್ಲಾಗಲಿ ಮೊದಲ ಪ್ರಶ್ನೆಯೇ "ಯಾರ ಮನೆಯವರು?" ಎರಡು ಮಾತಾಡುವಷ್ಟರಲ್ಲಿ ನಿಮ್ಮ ದೊಡ್ಡಪ್ಪನ ಹೆಸರು, ಅತ್ತಿಗೆಯ ತವರು ಎಲ್ಲ ಹೊರಗೆ ಬಂದಿರುತ್ತದೆ. ಇಂಥ ಕಡೆ ಬಾಯಿ ತೆರೆಯಲು ಅಂಜುವವರನ್ನು ಪುಕ್ಕಲರು ಎನ್ನಲಾಗದು. ಅವರ ಲೆಕ್ಕ ಅರ್ಧದಷ್ಟು ಸರಿಯಾಗಿಯೇ ಇರುತ್ತದೆ.

ಹೇಳದೆ ಉಳಿದ ಕಥೆಗಳು ಈ ಜಿಲ್ಲೆಯಲ್ಲಿ ಬೇಕಷ್ಟಿವೆ. ಕಾಳಿ ನದಿಯ ಅಣೆಕಟ್ಟಿಗೆ ಸೂಪಾ ಊರು ಮುಳುಗಿದಾಗ ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದವರು, ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲಾ ಕಡಲಂಚಿನ ಮನೆ ಬಿಟ್ಟವರು ಕಚೇರಿಯಲ್ಲಿ ಸರ್ವೆ ನಂಬರು, ಎಕರೆ, ಗುಂಟೆಯನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಮನೆ ಬಿಡುವ ದಿನ ತುಳಸಿಕಟ್ಟೆಯ ಮುಂದೆ ಯಾರು ನಿಂತಿದ್ದರು ಎಂದು ಯಾರೂ ಅವರನ್ನು ಕೇಳಿಲ್ಲ, ಅವರೂ ಹೇಳಿಲ್ಲ. ಇನ್ನು ಮನೆಯೊಳಗಿನ ಸಂಗತಿಗಳು: ಕುಡಿತ, ಸಾಲ, ಮುರಿದ ಮದುವೆ, ಜಾತಿ ಮೀರಿದ ಮದುವೆ, ಹೊಟ್ಟೆಯಲ್ಲೇ ಹೋದ ಮಗು, ಮಾನಸಿಕ ಕಾಯಿಲೆ, ನಪಾಸು. ಇವಕ್ಕೆ ಸರ್ವೆ ನಂಬರೂ ಇಲ್ಲ.

ಈ ಬರಹದ ಮಾತು ಒಂದೇ. ಅಂಜಿಕೆ ಹೋಗಲಿ, ಆಮೇಲೆ ಹೇಳೋಣ ಎಂದು ಕಾದರೆ ಅದು ಹೋಗುವುದಿಲ್ಲ. ಯಾರಿಗೆ, ಎಷ್ಟು, ಎಲ್ಲಿ, ಯಾವಾಗ ಎಂಬ ಏರ್ಪಾಡನ್ನು ಸರಿಮಾಡಿಕೊಂಡರೆ, ಉಳಿದ ಅಂಜಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳಬಹುದು. ಮುಂದಿನದೆಲ್ಲ ಆ ಏರ್ಪಾಡಿನ ವಿವರ.

ಮೊದಲು: ಅಂಜಿಕೆಯನ್ನು ಬಿಡಿಸಿ ಬರೆಯಿರಿ

"ಜನ ಏನೆನ್ನುತ್ತಾರೋ" ಎಂಬ ಅಂಜಿಕೆಗೆ ಮುಖವಿಲ್ಲ. ಮುಖವಿಲ್ಲದ ಅಂಜಿಕೆಯ ಜೊತೆ ಯಾವ ಮಾತುಕತೆಯೂ ಸಾಧ್ಯವಿಲ್ಲ. ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು, ಯಾರು, ಏನು ಮಾಡಬಹುದು, ಹಾಗೆ ಮಾಡಿದರೆ ನನಗೇನು ಎಂದು ಬರೆಯಿರಿ. ಹೆಸರನ್ನೇ ಬರೆಯಿರಿ, "ಸಂಬಂಧಿಕರು" ಎಂದಲ್ಲ. ಬರೆದಾಗ ಹೀಗೆ ಕಾಣಬಹುದು:

ಚಿಕ್ಕಪ್ಪ – ಚೌತಿಗೆ ಕರೆಯದೇ ಇರಬಹುದು – ಬೇಸರವಾಗುತ್ತದೆ, ತಡೆದುಕೊಳ್ಳಬಹುದು.
ಆಯಿ (ಅಮ್ಮ) – ಎರಡು ದಿನ ಮಾತು ಬಿಡಬಹುದು – ಇದು ತಡೆಯುವುದು ಕಷ್ಟ; ಮೊದಲೇ ಹೇಳಬೇಕು.
ಅಂಗಡಿ ಯಜಮಾನರು – ಕೆಲಸದಿಂದ ತೆಗೆಯಬಹುದು – ಸಂಸಾರ ನಡೆಯುವುದಿಲ್ಲ.
ಕ್ಲಾಸಿನ ಗೆಳತಿಯರು – ನಗಬಹುದು – ಗೊತ್ತಿಲ್ಲ.

ಹೆಚ್ಚಿನವರ ಹಾಳೆಯಲ್ಲಿ ಏಳೆಂಟು ಹೆಸರಿಗಿಂತ ಹೆಚ್ಚು ಬರುವುದಿಲ್ಲ. ಊರೆಲ್ಲ ಎಂದುಕೊಂಡಿದ್ದು ಏಳೆಂಟು ಮಂದಿಗೆ ಇಳಿದರೆ ಅಷ್ಟೇ ದೊಡ್ಡ ಲಾಭ.

ಈಗ ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ. ಅಂಜಿಕೆಯಲ್ಲಿ ಮೂರು ಬಗೆ. ಒಂದು ಮೈಯ ಅಂಜಿಕೆ: ಎದೆ ಡವಡವ, ಬಾಯಿ ಒಣಗುವುದು, ಕೈ ನಡುಕ. ಇದು ಅಡ್ರಿನಲಿನ್ ಮಾಡುವ ಕೆಲಸ. ಮಾತು ಶುರುವಾಗುವ ಮುಂಚಿನ ಗಳಿಗೆಯಲ್ಲಿ, ಮೊದಲ ಒಂದೆರಡು ನಿಮಿಷದಲ್ಲಿ ತುದಿಗೇರಿ ಆಮೇಲೆ ತಾನಾಗಿ ಇಳಿಯುತ್ತದೆ. ಇದನ್ನು ಅಭ್ಯಾಸದಿಂದ ಸಂಭಾಳಿಸಬಹುದು. ಎರಡನೆಯದು ಸಂಬಂಧದ ಅಂಜಿಕೆ: ಯಾರೋ ನೊಂದುಕೊಳ್ಳುತ್ತಾರೆ, ಮುನಿಸಿಕೊಳ್ಳುತ್ತಾರೆ. ಇದಕ್ಕೆ ಅವರ ಜೊತೆ ಮೊದಲೇ ಮಾತಾಡುವುದೇ ದಾರಿ. ಮೂರನೆಯದು ನಿಜವಾದ ಅಪಾಯ: ಹೊಡೆತ ಬೀಳಬಹುದು, ಕೆಲಸ ಹೋಗಬಹುದು, ಕೇಸಾಗಬಹುದು, ಮಗುವನ್ನು ಕಸಿದುಕೊಳ್ಳಬಹುದು. ಈ ಮೂರನೆಯ ಗುರುತು ಬಿದ್ದ ಸಾಲಿನ ಮುಂದೆ ಧೈರ್ಯದ ಮಾತಾಡುವುದು ತಪ್ಪು. ಅಲ್ಲಿ ಮೊದಲು ರಕ್ಷಣೆ, ಆಮೇಲೆ ಕಥೆ.

ಮೈಯ ಅಂಜಿಕೆಗೆ ಸೇರಿದ್ದು ಇನ್ನೊಂದಿದೆ, ಎಲ್ಲರ ಕಣ್ಣೂ ನನ್ನ ಮೇಲೇ ಇದೆ ಎಂಬ ಭಾವ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳಿಗೆ ಮುಜುಗರ ತರುವ ಟೀ-ಶರ್ಟ್ ತೊಡಿಸಿ ಇತರರು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಮಂದಿ ಅಂಗಿಯ ಚಿತ್ರವನ್ನು ಗಮನಿಸಿದ್ದಾರೆ ಎಂದು ತೊಟ್ಟವರು ಅಂದಾಜಿಸಿದರು. ಗಮನಿಸಿದ್ದವರು ಸುಮಾರು ಕಾಲುಭಾಗ. ನಮ್ಮ ಕೇರಿಯಲ್ಲಿ ಗಮನಿಸುವವರು ಅದಕ್ಕಿಂತ ಹೆಚ್ಚೇ ಇರುತ್ತಾರೆ, ಅದನ್ನು ಒಪ್ಪಿಕೊಳ್ಳೋಣ. ಆದರೆ ಕೇರಿಗೂ ಹೊಸ ಸುದ್ದಿ ಬೇಕು. ಒಬ್ಬರದನ್ನೇ ಹಿಡಿದುಕೊಂಡು ಅದು ಬಹುಕಾಲ ಕೂರುವುದಿಲ್ಲ.

ಈಗಲೇ ಹೇಳಬಾರದ ಕಥೆಗಳು

ಇದನ್ನು ಕೊನೆಗೆ ಇಡುವುದು ವಾಡಿಕೆ. ಮೊದಲೇ ಹೇಳುವುದು ಒಳ್ಳೆಯದು.

ನಿನ್ನೆ ಮೊನ್ನೆ ನಡೆದ ದುರಂತವನ್ನು ಸಭೆಯಲ್ಲಿ ಹೇಳಬೇಡಿ, ಹೇಳಿಸಲೂಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮನೆಯವರನ್ನು ಕಳೆದುಕೊಂಡಂಥವರ ಮುಂದೆ ಮೈಕು ಹಿಡಿಯುವುದನ್ನು ಧೈರ್ಯ ತುಂಬುವುದು ಎನ್ನಲಾಗದು. ಹಗಲು ರಾತ್ರಿ ಕಣ್ಣಿಗೆ ಅದೇ ಬರುತ್ತಿದೆ, ನಿದ್ದೆ ಹತ್ತುತ್ತಿಲ್ಲ, ನೆನೆದರೆ ಉಸಿರು ಕಟ್ಟುತ್ತದೆ ಎಂದಾದರೆ ಕೇಳುಗರ ಗುಂಪಿಗಿಂತ ಮೊದಲು ವೈದ್ಯರು ಅಥವಾ ಆಪ್ತಸಮಾಲೋಚಕರು ಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ನೋಯಿಸಿದವರ ಜೊತೆ ಇನ್ನೂ ಒಂದೇ ಸೂರಿನಡಿ ಇದ್ದರೆ ಕಥೆ ಹೊರಬಿದ್ದ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಭೆ ಬೇಡ. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ವಕೀಲರನ್ನು ಕೇಳದೆ ಒಂದು ಸಾಲೂ ಹೊರಗೆ ಬಿಡಬೇಡಿ. ಕಾನೂನು ನೆರವಿನ ಸಹಾಯವಾಣಿ 15100. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ನಾಲ್ಕು ದಿನದ ಬರವಣಿಗೆ, ಯಾರಿಗೂ ತೋರಿಸದ್ದು

ಬಾಯಿಗೆ ಬರುವ ಮೊದಲು ಕಥೆ ಕೈಗೆ ಬರಲಿ. 1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಿಂದ ಈ ಪದ್ಧತಿ ಬೆಳೆಯಿತು. ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ನೋವಿನ ಘಟನೆಯ ಬಗ್ಗೆ ಬರೆದರು. ಏನಾಯಿತು ಎಂಬುದರ ಜೊತೆಗೆ ತಮಗೆ ಏನನ್ನಿಸಿತು ಎಂಬುದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದು ಮುಗಿಸಿದ ತಕ್ಷಣ ಮಾತ್ರ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಈ ಕೊನೆಯ ಸಂಗತಿಯನ್ನು ನೆನಪಿಡಿ, ಏಕೆಂದರೆ ಹೆಚ್ಚಿನವರು ಕೈಬಿಡುವುದು ಇಲ್ಲೇ. ಮೊದಲ ದಿನ ಬರೆದೆ, ಅಳು ಬಂತು, ಇದು ನನಗೆ ಆಗಿಬರುವುದಿಲ್ಲ ಎಂದು ನಿಲ್ಲಿಸುತ್ತಾರೆ. ಒಂದೆರಡು ಗಂಟೆಯಲ್ಲಿ ಇಳಿಯುವ ಭಾರ ಸಹಜ. ಬರೆಯುವಾಗಲೇ ತಲೆ ತಿರುಗಿ, ಇನ್ನು ತಡೆಯಲಾರೆ ಅನ್ನಿಸಿದರೆ ಮಾತ್ರ ಅಲ್ಲೇ ನಿಲ್ಲಿಸಿ, ವಿಷಯ ಬದಲಿಸಿ.

ವಿಧಾನ ಇಷ್ಟು. ನಾಲ್ಕು ದಿನ ಒಂದೇ ಹೊತ್ತು ಇಟ್ಟುಕೊಳ್ಳಿ. ಮಲಗುವ ಮುಂಚೆ ಬೇಡ, ನಿದ್ದೆ ಕೆಡುತ್ತದೆ. ಮೊಬೈಲಿನಲ್ಲಿ 15 ನಿಮಿಷದ ಅಲಾರಂ ಇಡಿ. ಪೆನ್ನು ಎತ್ತದೆ ಬರೆಯಿರಿ. ಕಾಗುಣಿತ, ವ್ಯಾಕರಣ ನೋಡಬೇಡಿ. ಮಾತು ತೋಚದಿದ್ದರೆ ಹಿಂದಿನ ಸಾಲನ್ನೇ ಮತ್ತೆ ಬರೆಯಿರಿ. ಮೊದಲ ಎರಡು ದಿನ ಏನಾಯಿತು, ಏನನ್ನಿಸಿತು. ಮೂರನೆಯ ದಿನ ಅದೇ ಘಟನೆಯನ್ನು ಅದರಲ್ಲಿದ್ದ ಇನ್ನೊಬ್ಬರ ಕಣ್ಣಿನಿಂದ ಬರೆಯಿರಿ. ನಾಲ್ಕನೆಯ ದಿನ, ಅದರಿಂದ ಇವತ್ತು ನನ್ನಲ್ಲಿ ಉಳಿದದ್ದೇನು ಎಂದು.

ಕೂಡುಮನೆಯಲ್ಲಿ, ಎರಡು ಕೋಣೆಯ ಬಿಡಾರದಲ್ಲಿ ಒಬ್ಬರೇ ಕೂತು ಬರೆಯುವುದು ದೊಡ್ಡ ಸಮಸ್ಯೆ. ತಾಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯ ಒಳ್ಳೆಯ ಜಾಗ. ಅಲ್ಲಿ ಬರೆಯುತ್ತ ಕೂತವರನ್ನು ಪರೀಕ್ಷೆಗೆ ಓದುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಲೆಕ್ಕದ ಪುಸ್ತಕದ ಹಿಂದಿನ ಪುಟಗಳೂ ಆಗುತ್ತವೆ. ಮೊಬೈಲಿನಲ್ಲಿ ಬರೆಯುವುದಾದರೆ ಮನೆಮಂದಿಯೆಲ್ಲ ಬಳಸುವ ಫೋನು ಬೇಡ. ನಾಲ್ಕು ದಿನದ ನಂತರ ಹಾಳೆಗಳನ್ನು ಇಟ್ಟುಕೊಳ್ಳುವುದೋ ಬಚ್ಚಲ ಒಲೆಗೆ ಹಾಕುವುದೋ ನಿಮಗೆ ಬಿಟ್ಟದ್ದು. ಸುಟ್ಟರೂ ನಷ್ಟವಿಲ್ಲ, ಬೇಕಾದದ್ದು ತಲೆಯಲ್ಲಿ ಕೂತಿರುತ್ತದೆ.

ದೊಡ್ಡ ಕಥೆಯನ್ನು ಮೊದಲಿಗೆ ಆರಿಸಬೇಡಿ

ಅತಿ ಹೆಚ್ಚು ಎಡವುವುದು ಇಲ್ಲಿ. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಒಂದೇ ಸಲಕ್ಕೆ ಇಳಿಸಲು ಹೋಗುತ್ತಾರೆ. ಗಂಟಲು ಕಟ್ಟುತ್ತದೆ, ಕೇಳುವವರಿಗೂ ಎಲ್ಲಿ ಹಿಡಿಯಬೇಕೋ ತಿಳಿಯುವುದಿಲ್ಲ. ನಿಮ್ಮ ಕಥೆಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡಿ. ಹತ್ತು ಎಂದರೆ ಬಾಯಿಗೇ ತರಲಾಗದ್ದು. ಮೊದಲ ಸಲಕ್ಕೆ ಮೂರು ಅಥವಾ ನಾಲ್ಕರ ಕಥೆ ಸಾಕು. ಆರಕ್ಕೆ ಹೋಗಬೇಕಾದರೆ ನಾಲ್ಕರದನ್ನು ಕನಿಷ್ಠ ಮೂರು ಸಲ, ಬೇರೆ ಬೇರೆಯವರ ಮುಂದೆ ಹೇಳಿರಬೇಕು.

ಆಮೇಲೆ ಅದನ್ನು ಕುಗ್ಗಿಸಿ: ಒಂದು ದಿನ, ಒಂದು ಜಾಗ, ಮೂವರಿಗಿಂತ ಹೆಚ್ಚಿಲ್ಲದ ಜನ. "ಅಪ್ಪಯ್ಯ ಕುಡಿಯುತ್ತಿದ್ದ, ನಮಗೆಲ್ಲ ತುಂಬಾ ಕಷ್ಟವಾಯಿತು, ಆಯಿ ಬಹಳ ಸಹಿಸಿಕೊಂಡಳು" ಎಂಬ ಮೂರು ವಾಕ್ಯಗಳನ್ನು ನೋಡಿ. ಎಲ್ಲವೂ ನಿಜ. ಆದರೆ ಇವು ತೀರ್ಪುಗಳು. ತೀರ್ಪು ಹೇಳಿದರೆ ಕೇಳಿದವರೂ ತೀರ್ಪನ್ನೇ ಕೊಡುತ್ತಾರೆ: ಅವನು ಹಾಗಿದ್ದ, ಇವಳು ಬಿಡಬೇಕಿತ್ತು. ಅದನ್ನೇ ಹೀಗೆ ಬರೆದರೆ:

"ಏಳೂವರೆಯ ಬಸ್ಸು ಹೋದ ಸದ್ದು ಕೇಳಿದ ಮೇಲೆ ಆಯಿ ರೇಡಿಯೋ ನಿಲ್ಲಿಸುತ್ತಿದ್ದಳು. ದಣಪೆ (ಬೇಲಿಯ ಬಾಗಿಲು) ತೆಗೆದ ಸದ್ದಿಗೆ ನಾವು ಕಿವಿ ಕೊಡುತ್ತಿದ್ದೆವು. ದಣಪೆ ಮತ್ತೆ ಹಾಕಿದ ಸದ್ದು ಬಂದರೆ ಅಪ್ಪಯ್ಯ ಸರಿ ಇದ್ದಾನೆ ಎಂದು ಅರ್ಥ. ಬರದಿದ್ದರೆ ನಾನು, ತಂಗಿ ಚಾಪೆಯ ಮೇಲೆ ಬಿದ್ದು ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದೆವು."

ಇಲ್ಲಿ ಅಪ್ಪನನ್ನು ಯಾರೂ ಬೈದಿಲ್ಲ, ಹೊಡೆತದ ಮಾತೂ ಇಲ್ಲ. ಆದರೆ ಕೇಳಿದವರು ಆ ಚಾಪೆಯ ಮೇಲೆ ಮಲಗಿ ಏಳುತ್ತಾರೆ. ಇನ್ನೊಂದು ಅನುಕೂಲವೂ ಇದೆ. ಹೀಗೆ ಹೇಳಿದಾಗ ಹೇಳಿದವರ ಅಂಜಿಕೆ ಕಡಿಮೆಯಾಗುತ್ತದೆ, ಏಕೆಂದರೆ ಯಾವ ವಾಕ್ಯವನ್ನೂ ಸಮರ್ಥಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಕಿವಿಗೆ ಬಿದ್ದದ್ದು ಕಿವಿಗೆ ಬಿದ್ದದ್ದೇ.

ಕುಗ್ಗಿಸುವಾಗ ಕೇಳಿಕೊಳ್ಳಬೇಕಾದ್ದು: ಆಗ ಗಂಟೆ ಎಷ್ಟು? ಮಳೆಗಾಲವೋ ಸೆಕೆಯೋ? ಕೈಯಲ್ಲಿ ಏನಿತ್ತು? ಯಾರು ಏನೆಂದರು, ಅದೇ ಶಬ್ದಗಳಲ್ಲಿ? ನೆನಪಿಲ್ಲದ್ದನ್ನು ಕಟ್ಟಬೇಡಿ, "ಅದು ನೆನಪಿಲ್ಲ" ಎಂದು ಹೇಳುವುದರಿಂದ ಕಥೆಗೆ ಬಲವೇ ಬರುತ್ತದೆ.

ಕಥೆಯಲ್ಲಿರುವ ಬೇರೆಯವರು

ಹೆಸರು ಬದಲಿಸಿದರೆ ಸಾಕು ಎಂಬ ಸಲಹೆ ನಮ್ಮ ಕಡೆ ಕೆಲಸಕ್ಕೆ ಬಾರದು. "ಸಿದ್ದಾಪುರದ ಹತ್ತಿರದ ಊರು, ಅಪ್ಪ ಮಾಸ್ತರರು, ಇಬ್ಬರು ಹೆಣ್ಣುಮಕ್ಕಳು" ಎಂದರೆ ಹೆಸರು ಹೇಳುವುದೇ ಬೇಡ, ಮನೆ ಸಿಕ್ಕಿತು. ಮರೆಸಲೇಬೇಕಾದವರಿದ್ದರೆ ಊರು, ಕಸುಬು, ಮಕ್ಕಳ ಸಂಖ್ಯೆ, ಸುಮಾರು ಕಾಲ ಈ ನಾಲ್ಕರಲ್ಲಿ ಮೂರನ್ನಾದರೂ ಬದಲಿಸಿ ಅಥವಾ ಬಿಟ್ಟುಬಿಡಿ. ಬದಲಿಸಿದ್ದೇನೆ ಎಂದು ಆರಂಭದಲ್ಲೇ ಒಂದು ಸಾಲಿನಲ್ಲಿ ಹೇಳಿ. ಬರೆದದ್ದನ್ನು ಅದೇ ಊರಿನ ಒಬ್ಬ ನಂಬಿಗಸ್ಥರಿಗೆ ಓದಿಸಿ, "ಇದು ಯಾರ ಮನೆ ಅನ್ನಿಸುತ್ತದೆ?" ಎಂದು ಕೇಳಿ. ಅವರು ತಟ್ಟನೆ ಹೇಳಿದರೆ ಇನ್ನೂ ಕೆಲಸ ಬಾಕಿ ಇದೆ.

ಬದುಕಿರುವವರ ಒಪ್ಪಿಗೆ ಕೇಳುವಾಗ ಹೆಚ್ಚಿನವರು ಪೂರ್ತಿ ಬರಹವನ್ನು ಮುಂದಿಡುತ್ತಾರೆ. ವಯಸ್ಸಾದ ತಾಯಿಗೆ ಅದು ಭಾರ. ಅವರಿಗೆ ಸಂಬಂಧಿಸಿದ ನಾಲ್ಕು ಸಾಲನ್ನಷ್ಟೇ, ಬಿಡುವಿನ ಹೊತ್ತು ನೋಡಿ ಓದಿ ಹೇಳಿ. "ಆಯಿ, ಆ ರಾತ್ರಿಯ ವಿಷಯ ಹೇಳವು ಅಂತ ಮಾಡಿದ್ದೆ. ನಿನ್ನ ಬಗ್ಗೆ ಇಷ್ಟು ಬತ್ತು" ಎಂದು ಮನೆಮಾತಿನಲ್ಲೇ. ಬರುವ ಮೊದಲ ಉತ್ತರ ಸಾಮಾನ್ಯವಾಗಿ "ಎಂತಕ್ಕೆ ಅದೆಲ್ಲ ಈಗ? ಮರ್ಯಾದೆ ಹೋಗ್ತು" ಎಂದೇ. ಅಲ್ಲಿಗೇ ವಾದ ಹೂಡಬೇಡಿ, ಆಯಿತು ಎಂದು ಎದ್ದುಬಿಡಿ. ಒಂದು ವಾರ ಬಿಟ್ಟು, "ಯಾವ ಸಾಲು ಬೇಡ?" ಎಂದು ಕೇಳಿ. ಬೇಡವೇ ಬೇಡ ಎಂದವರು ಎಷ್ಟೋ ಸಲ ಒಂದು ಸಾಲನ್ನು ಮಾತ್ರ ತೆಗೆಸಿ ಉಳಿದದ್ದಕ್ಕೆ ಸುಮ್ಮನಾಗುತ್ತಾರೆ, ಕೆಲವೊಮ್ಮೆ ನಿಮಗೆ ಗೊತ್ತಿರದ ಇನ್ನೊಂದು ಸಂಗತಿಯನ್ನು ತಾವೇ ಸೇರಿಸುತ್ತಾರೆ. ಎರಡನೆಯ ಸಲವೂ ಬೇಡವೆಂದರೆ, ಅದು ಮುಖ್ಯವಾಗಿ ಅವರದೇ ಕಥೆಯಾಗಿದ್ದರೆ, ಬಿಡಿ. ನಿಮ್ಮ ಪಾಲಿನದನ್ನು ಮಾತ್ರ ಹೇಳಿ.

ಕಾನೂನಿನ ಮಾತು ಚಿಕ್ಕದಾಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನಹಾನಿಯದು. ಹೇಳಿದ್ದು ಸತ್ಯ ಎಂದಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಎಂಬುದೂ ಬೇಕಾಗುತ್ತದೆ. ತೀರಿಹೋದವರ ಮೇಲೆ ಆರೋಪ ಹೊರಿಸಿದ್ದೂ, ಕುಟುಂಬದವರನ್ನು ನೋಯಿಸುವ ಉದ್ದೇಶವಿದ್ದರೆ, ಇದರೊಳಗೆ ಬರಬಹುದು. ಅತ್ಯಾಚಾರಕ್ಕೆ ಗುರಿಯಾದ ಬೇರೊಬ್ಬರ ಗುರುತನ್ನು ಬಯಲುಮಾಡುವುದು 72ನೇ ಕಲಮಿನಡಿ ಅಪರಾಧ. ಆದ್ದರಿಂದ ಇನ್ನೊಬ್ಬರು ಮಾಡಿದ ಅಪರಾಧ ನಿಮ್ಮ ಕಥೆಯ ನಡುವಿದ್ದರೆ ಮುದ್ರಣಕ್ಕೆ ಕೊಡುವ ಮುಂಚೆ ವಕೀಲರಿಗೆ ತೋರಿಸಿ.

ಮೊದಲ ಕೇಳುಗರು

ಮೊದಲ ಕೇಳುಗರು ಒಬ್ಬರೇ ಇರಲಿ. ಅವರು ಅತಿ ಹತ್ತಿರದವರಾಗಿರಬಾರದು, ಕಥೆಯೊಳಗೆ ಇರಲೇಬಾರದು. ಗಂಡ, ಹೆಂಡತಿ, ಒಡಹುಟ್ಟಿದವರು ನಿಮ್ಮ ನೋವು ಕೇಳಿ ತಾವೇ ಕಂಗೆಡುತ್ತಾರೆ, ಕೊನೆಗೆ ನೀವೇ ಅವರನ್ನು ಸಮಾಧಾನ ಮಾಡಬೇಕಾಗುತ್ತದೆ. ಹಳೆಯ ಸಹಪಾಠಿ, ಕೆಲಸದ ಜಾಗದ ಹಿರಿಯರು, ಬೇರೆ ತಾಲೂಕಿನ ಗೆಳತಿ ಒಳ್ಳೆಯ ಆಯ್ಕೆ. ಅವರ ನಾಲಗೆ ಬಿಗಿ ಇದೆಯೇ ಎಂದು ತಿಳಿಯಲು ಒಂದು ಲಕ್ಷಣ ನೋಡಿ: ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ "ಯಾರಿಗೂ ಹೇಳಬೇಡ" ಎಂದು ಹೇಳುವವರು ನಿಮ್ಮದನ್ನೂ ಹಾಗೆಯೇ ಹೇಳುತ್ತಾರೆ.

ಎದುರುಬದುರು ಕೂತು ಕಣ್ಣಿಗೆ ಕಣ್ಣಿಟ್ಟು ಹೇಳುವುದಕ್ಕಿಂತ ಪಕ್ಕಪಕ್ಕದಲ್ಲಿ ಕೈಗೊಂದು ಕೆಲಸವಿಟ್ಟುಕೊಂಡು ಹೇಳುವುದು ಸುಲಭ. ಇದು ನಮ್ಮ ಜಿಲ್ಲೆಗೆ ಹೊಸತಲ್ಲ. ಘಟ್ಟದ ಮೇಲೆ ಕೊಯ್ಲಿನ ದಿನಗಳ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ಬಂದಷ್ಟು ಮಾತು ಬೇರೆಲ್ಲೂ ಬಂದಿರಲಾರದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಲೆ ರಿಪೇರಿಗೆ ಕೂತ ಕೈಗಳ ನಡುವೆ ಮಾತಿಗೆ ಹೊತ್ತಿರುತ್ತದೆ. ಇಬ್ಬರೇ ಆದರೆ ಕಾರವಾರದ ಕಡಲ ದಂಡೆಯುದ್ದಕ್ಕೆ ನಡೆಯುತ್ತ ಹೇಳಿ. ಮೌನ ಬಿದ್ದರೆ ಅಲೆಯ ಸದ್ದು ತುಂಬಿಕೊಳ್ಳುತ್ತದೆ, ಮುಜುಗರವಾಗುವುದಿಲ್ಲ.

ಶುರುಮಾಡುವ ಮುಂಚೆ ಮೂರು ಮಾತು ತಪ್ಪದೆ ಹೇಳಿ: "ಹತ್ತು ನಿಮಿಷ ಬೇಕು. ಸಲಹೆ ಬೇಡ, ಕೇಳಿದರೆ ಸಾಕು. ಇದು ನಮ್ಮಿಬ್ಬರಲ್ಲೇ ಇರಲಿ." ಇದನ್ನು ಹೇಳದೆ ಹೋದಾಗಲೇ ಎಡವಟ್ಟು. ಕೇಳುಗರು ಮಧ್ಯದಲ್ಲಿ ತಮ್ಮ ಅತ್ತೆಯ ಕಥೆ ತೆಗೆಯುತ್ತಾರೆ, ಇಲ್ಲವೇ "ಹೋಗಲಿ ಬಿಡು, ಎಲ್ಲರ ಮನೆ ದೋಸೆಯೂ ತೂತೇ" ಎಂದು ಮುಗಿಸಿಬಿಡುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ, ಏನು ಬೇಕೆಂದು ಗೊತ್ತಿರುವುದಿಲ್ಲ ಅಷ್ಟೆ. ಹಾಗಾದರೆ "ಇನ್ನೊಂದು ಸ್ವಲ್ಪ ಇದೆ, ಮುಗಿಸಿಬಿಡ್ತೇನೆ" ಎಂದು ಮುಂದುವರಿಯಿರಿ.

ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ಯಾವ ಜಾಗ ಕಣ್ಣಿಗೆ ಕಟ್ಟಿತು?" ಹೇಗಿತ್ತು ಎಂದು ಕೇಳಬೇಡಿ. ಅವರು ಹೇಳಿದ ಜಾಗವೇ ನಿಮ್ಮ ಕಥೆಯ ನಡುಗಂಬ.

ಯಾವ ಮಾತಿನಲ್ಲಿ?

ಕಾರವಾರದ ಮನೆಯಲ್ಲಿ ಕೊಂಕಣಿ, ಶಿರಸಿ–ಯಲ್ಲಾಪುರದ ತೋಟದ ಮನೆಯಲ್ಲಿ ಹವಿಗನ್ನಡ, ಅಂಕೋಲೆಯಲ್ಲಿ ಹಾಲಕ್ಕಿ ಕನ್ನಡ, ಭಟ್ಕಳದಲ್ಲಿ ನವಾಯತಿ. ನೋವು ನಡೆದದ್ದು ಆ ಮಾತಿನಲ್ಲಿ. ಅದನ್ನು ನೇರವಾಗಿ ಶಾಲೆಯ ಕನ್ನಡದಲ್ಲಿ ಹೇಳಲು ಹೊರಟರೆ ಕಥೆ ಭಾಷಣವಾಗುತ್ತದೆ. "ಅತೀವ ದುಃಖ ಉಂಟಾಯಿತು" ಎಂಬಂಥ ವಾಕ್ಯಗಳು ಬಂದು ಕೂರುತ್ತವೆ. ಮೊದಲ ಕರಡು ಮನೆಮಾತಿನಲ್ಲೇ ಆಗಲಿ, ಕನ್ನಡ ಲಿಪಿಯಲ್ಲಿ ಬರೆದರಾಯಿತು. ಬೇರೆಯವರಿಗೆ ಹೇಳುವಾಗ ನಿರೂಪಣೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ, ಜನ ಆಡಿದ ಮಾತು ಮಾತ್ರ ಆಡಿದ ಹಾಗೆಯೇ ಉಳಿಯಲಿ.

ಹಾಡಿನ ಮರೆಯಲ್ಲಿ ಹೇಳುವ ದಾರಿಯೂ ಇಲ್ಲಿ ಹಳೆಯದು. ನಾಟಿ ಮಾಡುವಾಗ, ಬೀಸುವಾಗ ಹೆಂಗಸರು ಅತ್ತೆಮನೆಯ ದುಃಖವನ್ನು ಹಾಡಿಗೆ ಹಾಕಿದ್ದಾರೆ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳ ಕಣಜವೆಂದೇ ಹೆಸರಾಗಿದ್ದವರು, ಸಾರಾಯಿಯ ವಿರುದ್ಧ ಬೀದಿಗಿಳಿದವರೂ ಹೌದು. ನೇರ ಮಾತು ಬಾರದಿದ್ದರೆ ಎರಡು ಸಾಲಿನ ಪದ ಕಟ್ಟಿಯಾದರೂ ಶುರುಮಾಡಬಹುದು.

ಹತ್ತು ಮಂದಿಯ ಮುಂದೆ

ಒಬ್ಬೊಬ್ಬರಿಗೇ ಹೇಳುವುದು ಮೂರು ಸಲ ಆದ ಮೇಲೆ ಗುಂಪಿನ ಸರದಿ. ಎಂಟರಿಂದ ಹನ್ನೆರಡು ಮಂದಿ, ಸುತ್ತ ಕೂತು, ಚಾಪೆಯ ಮೇಲೋ ಜಗಲಿಯಲ್ಲೋ. ತಾಳಮದ್ದಳೆ ಕೇಳಿ ಬೆಳೆದ ಕಿವಿಗಳಿಗೆ ಮಾತಿಗೆ ಮಾತು ಜೋಡಿಸುವ ಚಟ ಇರುತ್ತದೆ. ಅಲ್ಲಿ ಅದು ಸೊಗಸು, ಇಲ್ಲಿ ಬೇಡ ಎಂದು ನಡೆಸುವವರು ಮೊದಲೇ ಹೇಳಬೇಕು. ಸನ್ಮಾನ, ಉದ್ಘಾಟನೆ ಇರುವ ಕಾರ್ಯಕ್ರಮದ ನಡುವೆ ಸ್ವಂತ ಕಥೆಯನ್ನು ತುರುಕಿಸಬೇಡಿ. ಹಾರ ಶಾಲುಗಳ ನಡುವೆ ಅದು ನಲುಗುತ್ತದೆ.

ಐದು ನಿಮಿಷ ಸಾಕು. ನಿಧಾನವಾಗಿ ಹೇಳಿದರೆ ನಿಮಿಷಕ್ಕೆ 80ರಿಂದ 100 ಪದ. ಅಂದರೆ 400–500 ಪದ, ಕೈಬರಹದಲ್ಲಿ ಮೂರು ಪುಟ. ಪೂರ್ತಿ ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಎಲ್ಲ ಕುಸಿಯುತ್ತದೆ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಕಂಠಪಾಠವಿರಲಿ. ನಡುವಿನದಕ್ಕೆ ಅಂಗೈಯಗಲದ ಚೀಟಿಯಲ್ಲಿ ನಾಲ್ಕೈದು ಶಬ್ದ: ಬಸ್ಸು, ರೇಡಿಯೋ, ದಣಪೆ, ಚಾಪೆ. ತೆಳು ಹಾಳೆ ಕೈಯಲ್ಲಿದ್ದರೆ ನಡುಕ ಎದ್ದು ಕಾಣುತ್ತದೆ, ದಪ್ಪ ರಟ್ಟಿನ ಚೀಟಿ ಒಳ್ಳೆಯದು.

ಅಭ್ಯಾಸ ಮೂರು ಸಲ, ಗಟ್ಟಿ ದನಿಯಲ್ಲಿ, ನಿಂತುಕೊಂಡು. ಮನಸ್ಸಿನಲ್ಲೇ ಓದಿಕೊಂಡದ್ದು ಲೆಕ್ಕಕ್ಕಿಲ್ಲ. ಮೊಬೈಲಿನಲ್ಲಿ ದನಿ ಹಿಡಿದು ಒಮ್ಮೆ ಕೇಳಿ. ದನಿ ಎಲ್ಲಿ ಕಟ್ಟುತ್ತದೆ ಎಂದು ಗುರುತಿಸಿ. ಪ್ರತಿ ಸಲವೂ ಒಂದೇ ವಾಕ್ಯದಲ್ಲಿ ಕಟ್ಟಿದರೆ ಅದರ ಮುಂಚಿನ ವಾಕ್ಯದ ಕೊನೆಗೆ ನಿಲ್ಲುವ ಗುರುತು ಹಾಕಿ, ಅಲ್ಲಿ ನೀರು ಕುಡಿಯಿರಿ. ಮೂರನೆಯ ಸಲಕ್ಕೂ ಆ ವಾಕ್ಯ ದಾಟಲಾಗದಿದ್ದರೆ ಅದನ್ನು ಈ ಸಲ ತೆಗೆದುಬಿಡಿ. ಅದು ಏಳು, ಎಂಟರ ಕಥೆಗೆ ಸೇರಿದ್ದು.

ಸರದಿ ಬರುವ ಮುಂಚೆ ಎರಡು ನಿಮಿಷ, ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಎರಡೂ ಪಾದ ನೆಲಕ್ಕೆ ಊರಿರಲಿ. "ಗಾಬರಿಯಾಗಿದ್ದೇನೆ, ಕ್ಷಮಿಸಿ" ಎಂದು ಶುರುಮಾಡಬೇಡಿ; ಅದುವರೆಗೆ ಯಾರೂ ನೋಡದ ನಿಮ್ಮ ಕೈಯನ್ನು ಎಲ್ಲರೂ ನೋಡತೊಡಗುತ್ತಾರೆ. ಅಳು ಬಂದರೆ ನಿಲ್ಲಿ, ಮೂರು ಉಸಿರು ತೆಗೆದುಕೊಳ್ಳಿ, ಮುಂದಿನ ಶಬ್ದ ನೋಡಿ. ಹೇಳುವವರಿಗೆ ಯುಗವೆನಿಸುವ ಆ ಹೊತ್ತು ಕೇಳುವವರಿಗೆ ಕೆಲವೇ ಸೆಕೆಂಡು.

ಗುಂಪು ನಡೆಸುವವರಿಗೆ ಮೂರು ಕಟ್ಟುಪಾಡು. ಫೋನುಗಳೆಲ್ಲ ಒಂದು ಬುಟ್ಟಿಗೆ. ಕಥೆ ಮುಗಿದ ಮೇಲೆ ಅರ್ಧ ನಿಮಿಷ ಮೌನ, ಚಪ್ಪಾಳೆ ಇಲ್ಲ, ಪ್ರಶ್ನೆ ಇಲ್ಲ. ಭಾರದ ಕಥೆಯನ್ನು ಕೊನೆಗೆ ಇಡಬಾರದು. ಹೇಳಿದವರು ಒಬ್ಬರೇ ಕತ್ತಲಲ್ಲಿ ಬಸ್ಸಿಗೆ ಹೋಗಬೇಕಾಗುತ್ತದೆ. ಇನ್ನೊಂದು ಎಚ್ಚರ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ" ಎಂದು ಮಾತು ಕೊಡುವಾಗಲೇ ಈ ಒಂದು ಅಪವಾದವನ್ನೂ ಹೇಳಿಬಿಡಬೇಕು.

ವಾಟ್ಸಾಪಿಗೆ ಧ್ವನಿಮುದ್ರಣ ಹಾಕುವುದನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ಊರಿನ ಗುಂಪಿಗೆ, ಕುಟುಂಬದ ಗುಂಪಿಗೆ ಹೋದ ದನಿ ಸಂಜೆಯೊಳಗೆ ದುಬೈ, ಮುಂಬೈ ಮುಟ್ಟುತ್ತದೆ. ನೀವು ಎಲ್ಲರಿಗೂ ಅಳಿಸಿದರೂ ಅಷ್ಟರಲ್ಲಿ ಫಾರ್ವರ್ಡ್ ಆದದ್ದು ಉಳಿದೇ ಇರುತ್ತದೆ.

ಮರುದಿನ

ಹೇಳಿದ ಸಂಜೆ ಹಗುರವೆನಿಸುತ್ತದೆ. ಮರುದಿನ ಬೆಳಿಗ್ಗೆ "ಯಾಕಾದರೂ ಹೇಳಿದೆನೋ" ಎಂಬುದು ಬರುತ್ತದೆ. ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಅದು ತಪ್ಪಾಯಿತೆಂಬುದರ ಗುರುತಲ್ಲ. ಆ ದಿನ ಒಬ್ಬೊಬ್ಬರಿಗೂ ಫೋನು ಮಾಡಿ "ನಿನ್ನೆ ಜಾಸ್ತಿಯಾಯಿತಾ?" ಎಂದು ಕೇಳುತ್ತ ಕೂರಬೇಡಿ. ಮೊದಲ ಕೇಳುಗರೊಬ್ಬರಿಗೆ ಮಾತ್ರ, ಮೊದಲೇ ನಿಗದಿ ಮಾಡಿಕೊಂಡ ಹೊತ್ತಿಗೆ ಫೋನು ಮಾಡಿ. ಉಳಿದಂತೆ ಕೈತುಂಬ ಕೆಲಸ ಇಟ್ಟುಕೊಳ್ಳಿ. ದೊಡ್ಡ ನಿರ್ಧಾರ, ಮುಂದಿನ ಕಾರ್ಯಕ್ರಮದ ಒಪ್ಪಿಗೆ ಎರಡೂ ಮೂರು ದಿನ ಬೇಡ.

ಊರಿನ ಹಿರಿಯರು ದಾರಿಯಲ್ಲಿ ತಡೆದು "ಮನೆ ಮಾತು ಬೀದಿಗೆ ತಂದೆಯಲ್ಲ ತಮ್ಮಾ" ಎಂದರೆ ಉತ್ತರ ಮೊದಲೇ ಸಿದ್ಧವಿರಲಿ, ಚಿಕ್ಕದಾಗಿರಲಿ: "ಹೌದು, ನನ್ನ ಪಾಲಿನದನ್ನು ಹೇಳಿದೆ. ಆಯಿಗೆ ತಿಳಿಸಿಯೇ ಹೇಳಿದ್ದು." ಎರಡನೆಯ ವಾಕ್ಯ ನಿಜವಾಗಿದ್ದರೆ ಆ ಮಾತು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಸಂತೆಯಲ್ಲೋ ಮದುವೆಮನೆಯಲ್ಲೋ ಯಾರಾದರೂ ಬದಿಗೆ ಕರೆದು "ನಮ್ಮಲ್ಲೂ ಹೀಗೇ" ಎಂದರೆ ಆಗ ನಿಮ್ಮ ಕಥೆಯನ್ನು ಮತ್ತೆ ತೆಗೆಯಬೇಡಿ. ಈಗ ಕೇಳುವ ಸರದಿ ನಿಮ್ಮದು. ಸಲಹೆ ಬೇಕೋ ಕೇಳಿದರೆ ಸಾಕೋ ಎಂದು ಮೊದಲು ಕೇಳಿಕೊಂಡು, ಅಲ್ಲಿ ಜನ ಹೆಚ್ಚಿದ್ದರೆ ಬೇರೆ ಜಾಗಕ್ಕೆ ಕರೆದುಕೊಂಡು ಹೋಗಿ.